ಹಾರ್ವರ್ಡ್‌ನ ಪಾಠ, ಚಡಚಣದ ಬಸ್ತಾ

ಚಡಚಣದ ಜವಳಿ ಪೇಟೆಗೆ ಇಂಡಿ, ಸಿಂದಗಿ, ವಿಜಯಪುರದವರಷ್ಟೇ ಬರುವುದಿಲ್ಲ. ಗಡಿಯಾಚೆಯ ಮಹಾರಾಷ್ಟ್ರದ ಜತ್ತ, ಮಂಗಳವೇಢೆ, ಸೊಲ್ಲಾಪುರದ ಹಳ್ಳಿಗಳಿಂದಲೂ ಮದುವೆ ಮನೆಯವರು ಗಾಡಿ ಮಾಡಿಕೊಂಡು ಬರುತ್ತಾರೆ. ಸೊಲ್ಲಾಪುರವೇನು ಸಣ್ಣ ಪೇಟೆಯಲ್ಲ. 1877ರಲ್ಲೇ ಅಲ್ಲಿ ನೂಲು-ನೇಯ್ಗೆಯ ಗಿರಣಿ ನಿಂತಿತ್ತು. ಅಲ್ಲಿನ ಚಾದರ ದೇಶಕ್ಕೆಲ್ಲ ಗೊತ್ತು. ಅಂಥ ಊರಿನ ಮಗ್ಗುಲಲ್ಲೇ, ಗಿರಣಿಯೂ ಇಲ್ಲದ, ರೈಲೂ ಬಾರದ ಊರೊಂದು ಬಟ್ಟೆಗೆ ಹೆಸರಾದದ್ದು ಹೇಗೆ?

ಗಡಿ ಊರು ಎಂದಕೂಡಲೆ ಎಲ್ಲರೂ ತೆರಿಗೆಯ ಲಾಭ ಎನ್ನುತ್ತಾರೆ. ಥಾನಿನ ಬಟ್ಟೆಯ ಮಟ್ಟಿಗೆ ಈ ಮಾತು ಬಹಳ ದೂರ ನಡೆಯುವುದಿಲ್ಲ. 1957ರ ಕೇಂದ್ರ ಕಾಯ್ದೆಯೊಂದು ಬಟ್ಟೆ, ಸಕ್ಕರೆ, ತಂಬಾಕುಗಳಿಗೆ ರಾಜ್ಯಗಳ ಮಾರಾಟ ತೆರಿಗೆಯ ಬದಲು ಹೆಚ್ಚುವರಿ ಅಬಕಾರಿ ಸುಂಕ ಹಾಕಿ, ಅದನ್ನು ರಾಜ್ಯಗಳಿಗೆ ಹಂಚುವ ಏರ್ಪಾಡು ಮಾಡಿತು. ದಶಕಗಳ ಕಾಲ ಬಟ್ಟೆಗೆ ಭೀಮೆಯ ಈ ದಡವೂ ಒಂದೇ, ಆ ದಡವೂ ಒಂದೇ ಆಗಿತ್ತು. ಜನ ಗಡಿ ದಾಟಿದ್ದು ಬೇರೆ ಕಾರಣಕ್ಕೆ.

ಕಾರ್ಯತಂತ್ರವನ್ನು ಶಾಸ್ತ್ರವಾಗಿಸಿದ ಅಮೆರಿಕದ ಪಂಡಿತರಿಗೆ ಇಂಥ ಪೇಟೆ ಕಣ್ಣಿಗೆ ಬೀಳುವುದೇ ಕಷ್ಟ. ಆಲ್ಫ್ರೆಡ್ ಚಾಂಡ್ಲರ್ 1962ರಲ್ಲಿ ಡ್ಯೂಪಾಂಟ್, ಜನರಲ್ ಮೋಟರ್ಸ್, ಸ್ಟ್ಯಾಂಡರ್ಡ್ ಆಯಿಲ್, ಸಿಯರ್ಸ್ ಎಂಬ ನಾಲ್ಕು ಕಂಪನಿಗಳ ಚರಿತ್ರೆ ಬರೆದು, ತಂತ್ರ ಮುಂದೆ, ಸಂಘಟನೆ ಅದರ ಬೆನ್ನಿಗೆ ಎಂದರು. ಇಗೋರ್ ಆನ್ಸಾಫ್ 1965ರಲ್ಲಿ ಅದನ್ನು ಚೌಕ, ಪಟ್ಟಿ, ಹಂತಗಳಿಗೆ ಇಳಿಸಿದರು. 1980ರಲ್ಲಿ ಮೈಕೆಲ್ ಪೋರ್ಟರ್, ಅಗ್ಗದ ವೆಚ್ಚವೋ ವಿಶಿಷ್ಟ ಸರಕೋ ಯಾವುದಾದರೊಂದನ್ನು ಆರಿಸಿಕೊಳ್ಳದ ಕಂಪನಿ ನಡುವೆ ಸಿಕ್ಕಿಬೀಳುತ್ತದೆ ಎಂದು ಎಚ್ಚರಿಸಿದರು. ಇವರ ನಡುವೆ ಭೇದಗಳು ಬೇಕಾದಷ್ಟಿವೆ. ಆದರೂ ಮೇಲೆ ಕೂತವರು ಯೋಚಿಸುತ್ತಾರೆ, ಕೆಳಗಿನವರು ಮಾಡುತ್ತಾರೆ ಎಂಬ ನಂಬಿಕೆ ಈ ಪಂಥದ ಅಡಿಪಾಯದಲ್ಲೇ ಇದೆ.

ಅದನ್ನು ಅಲುಗಾಡಿಸಿದವರಲ್ಲಿ ಕೆನಡಾದ ಹೆನ್ರಿ ಮಿಂಟ್ಜ್‌ಬರ್ಗ್ ಪ್ರಮುಖರು. ಅವರಿಗೆ ಒದಗಿಬಂದ ದೊಡ್ಡ ಸಾಕ್ಷಿ ಹೋಂಡಾ. ಬ್ರಿಟನ್ನಿನ ಮೋಟರ್‌ಸೈಕಲ್ ಉದ್ಯಮ ಕುಸಿದದ್ದೇಕೆ ಎಂದು ಅಲ್ಲಿನ ಸರ್ಕಾರ ಕೇಳಿದಾಗ, ಬಾಸ್ಟನ್ ಕನ್ಸಲ್ಟಿಂಗ್ ಗ್ರೂಪ್ 1975ರ ತನ್ನ ವರದಿಯಲ್ಲಿ ಜಪಾನೀಯರ ಗೆಲುವನ್ನು ದೊಡ್ಡ ಪ್ರಮಾಣದ ಉತ್ಪಾದನೆ, ಇಳಿದ ವೆಚ್ಚಗಳ ಲೆಕ್ಕದಲ್ಲಿ ವಿವರಿಸಿತು. ರಿಚರ್ಡ್ ಪ್ಯಾಸ್ಕೇಲ್ ಹೋಂಡಾದವರನ್ನೇ ಕೂರಿಸಿಕೊಂಡು ಕೇಳಿ 1984ರಲ್ಲಿ ಬರೆದದ್ದು ಬೇರೆಯೇ ಕಥೆ. 1959ರಲ್ಲಿ ಅವರು ಅಮೆರಿಕಕ್ಕೆ ಹೋದದ್ದು ದೊಡ್ಡ ಗಾಡಿ ಮಾರಲು. ಅವು ಎಣ್ಣೆ ಸೋರಿ ಕೈಕೊಟ್ಟವು. ನೌಕರರು ಓಡಾಟಕ್ಕೆ ಇಟ್ಟುಕೊಂಡಿದ್ದ 50 ಸಿಸಿಯ ಪುಟ್ಟ ಗಾಡಿಯನ್ನು ಕಂಡು ವಿಚಾರಿಸಿದ್ದು ಸಿಯರ್ಸ್ ಕಂಪನಿಯ ಖರೀದಿದಾರ! ತಂತ್ರ ಹುಟ್ಟಿದ್ದು ಬೀದಿಯಲ್ಲಿ.

ಚಡಚಣದ್ದೂ ಈ ಜಾತಿಯದೇ ಎಂದು ನನ್ನ ಎಣಿಕೆ. ಇದನ್ನು ಜವಳಿ ಕೇಂದ್ರ ಮಾಡೋಣವೆಂದು ಯಾವ ಯೋಜನಾ ವಿಭಾಗವೂ ಕೂತು ಬರೆಯಲಿಲ್ಲ. ಇಲ್ಲಿ ಎಲ್ಲವೂ ಬಸ್ತಾದ ಸುತ್ತ ಕಟ್ಟಿದ್ದು. ಮದುವೆಯ ಬಸ್ತಾ ಎಂದರೆ ವಧುವಿನ ಸೀರೆಯೊಂದೇ ಅಲ್ಲ. ಬೀಗರಿಗೆ, ಸೋದರಮಾವನಿಗೆ, ಅತ್ತೆಯರಿಗೆ, ಆಹೇರಿಗೆ ಧೋತರ, ಟಾವೆಲ್, ಟೋಪಿ, ಖಣ ಎಲ್ಲ ಸೇರಿ ಒಂದು ಗಂಟು. ಎರಡೂ ಕಡೆಯ ಹಿರಿಯರು, ಹೆಂಗಸರು, ಒಪ್ಪದೆ ಮುಖ ಗಂಟಿಕ್ಕುವ ಒಬ್ಬ ಚಿಕ್ಕಪ್ಪ, ಇಷ್ಟೂ ಜನ ಒಟ್ಟಿಗೆ ಬರುತ್ತಾರೆ. ಇಂಥ ಗಿರಾಕಿಗೆ ಒಂದು ಒಳ್ಳೆಯ ಅಂಗಡಿ ಸಾಲದು, ಅಂಗಡಿಗಳ ಸಾಲೇ ಬೇಕು. ಈ ದುಕಾನಿನಲ್ಲಿ ಮನಸ್ಸಿಗೆ ಬಾರದಿದ್ದರೆ ಮುಂದಿನದು. ಹೀಗಾಗಿ ಪಕ್ಕದ ಅಂಗಡಿಯವನು ಎದುರಾಳಿಯೂ ಹೌದು, ಗಿರಾಕಿಯನ್ನು ಊರಿಗೆ ಎಳೆದು ತರುವ ಪಾಲುದಾರನೂ ಹೌದು. ಒಂದೇ ಕಸುಬಿನವರು ಒಂದೇ ಕಡೆ ನೆಲೆಸುವುದರ ಲಾಭವನ್ನು ಆಲ್ಫ್ರೆಡ್ ಮಾರ್ಷಲ್ 1890ರಲ್ಲೇ ಬರೆದಿದ್ದರು; ಪೋರ್ಟರ್ ಕೂಡ 1990ರ ಹೊತ್ತಿಗೆ ಅದೇ ದಾರಿಗೆ ಬಂದರು.

ಮಾತೂ ಇಲ್ಲಿ ಬಂಡವಾಳ. 1956ರ ರಾಜ್ಯ ಪುನರ್ವಿಂಗಡಣೆಗೆ ಮೊದಲು ಈ ಸೀಮೆಯೆಲ್ಲ ಮುಂಬಯಿ ರಾಜ್ಯದಲ್ಲೇ ಇತ್ತು. ಗಡಿ ಬಿದ್ದ ಮೇಲೂ ಬೀಗತನ ತುಂಡಾಗಲಿಲ್ಲ. ಜತ್ತದ ಹಳ್ಳಿಯವರು ಕನ್ನಡದಲ್ಲಿ ದರ ಕೇಳುತ್ತಾರೆ, ಮಂಗಳವೇಢೆಯವರು ಮರಾಠಿಯಲ್ಲಿ ಚೌಕಾಸಿ ಮಾಡುತ್ತಾರೆ. ಸೀರೆ ಬಿಚ್ಚಿ ತೋರಿಸುವ ಹುಡುಗ ಎರಡಕ್ಕೂ ಉತ್ತರ ಕೊಡಬೇಕು. ಜೊತೆಗೆ ಉದ್ರಿ. ಮಳೆ ನಂಬಿದ ಸೀಮೆಯಲ್ಲಿ ಯಾವ ಮನೆಗೆ ಎಷ್ಟು ಉದ್ರಿ ಕೊಡಬಹುದು, ಜೋಳ, ತೊಗರಿ, ದ್ರಾಕ್ಷಿಯ ದುಡ್ಡು ಯಾವಾಗ ಬಂದೀತು ಎಂಬುದನ್ನು ಗಾದಿಯ ಮೇಲೆ ಕೂತವನು ಮುಖ ನೋಡಿಯೇ ಅಳೆಯಬೇಕು. ಆ ಅಂದಾಜೇ ಅವನ ತಂತ್ರ, ಬಟ್ಟೆ ಕೊಡುವುದೇ ಅದರ ಜಾರಿ. ಇವೆರಡರ ನಡುವೆ ಚಾಂಡ್ಲರ್ ಎಳೆದ ಗೆರೆ ಇಲ್ಲಿ ಕಾಣುವುದಿಲ್ಲ.

ಇಷ್ಟಕ್ಕೆ ಮನಸೋತು ಈ ಪರಂಪರೆಯನ್ನು ಹೊಗಳುತ್ತ ಕೂರುವುದು ತಪ್ಪಾದೀತು. ಗಾದಿಯ ಜ್ಞಾನ ಗಾದಿ ಬಿಟ್ಟು ಏಳುವುದಿಲ್ಲ. ಮುನೀಮನ ಕೈಗೆ ವಹಿ ಕೊಡಬಹುದು, ಉದ್ರಿಯ ನಿರ್ಣಯ ಕೊಡಲಾಗದು. ಆದ್ದರಿಂದ ಇಂಥ ಮನೆತನದ ವ್ಯಾಪಾರ ಬೆಳೆಯುವುದು ನಂಬಿಕೆಯ ಅಣ್ಣತಮ್ಮಂದಿರು ಎಷ್ಟು ಜನರಿದ್ದಾರೋ ಅಷ್ಟು. ಅವರು ಬೇರೆಯಾದಾಗ ಅಂಗಡಿಯೂ ಹೋಳು. ದುಡಿಯುವವರಲ್ಲಿ ಹೆಣ್ಣುಮಕ್ಕಳೂ ಇರಬಹುದು, ಗಾದಿಯ ಮಾತು ಬಂದಾಗ ಮಗಳ ಹೆಸರು ಏಳುವುದು ಅಪರೂಪ. ಸೀರೆ ಆರಿಸುವವರೆಲ್ಲ ಹೆಂಗಸರಾಗಿರುವ ವ್ಯಾಪಾರದಲ್ಲಿ ಇದು ನೈತಿಕ ದೋಷ ಮಾತ್ರವಲ್ಲ, ಶುದ್ಧ ವ್ಯವಹಾರದ ದಡ್ಡತನ. ಇಲ್ಲಿ ಚಾಂಡ್ಲರ್ ಮಾತಿಗೆ ತೂಕವಿದೆ: ಸಂಘಟನೆ ಬದಲಾಗದೆ ವಿಸ್ತಾರವಿಲ್ಲ.

ಆದರೆ ಚಾಂಡ್ಲರ್ ಮೆಚ್ಚಿದ ಸಿಯರ್ಸ್‌ನ ಗತಿ ನೋಡಿ. ರೈತರಿಗೆ ಅಂಚೆಯಲ್ಲಿ ಕ್ಯಾಟಲಾಗ್ ಕಳಿಸಿ ಬೆಳೆದ ಕಂಪನಿ, 1993ರಲ್ಲಿ ಆ ದೊಡ್ಡ ಕ್ಯಾಟಲಾಗನ್ನೇ ನಿಲ್ಲಿಸಿತು. 1995ರಲ್ಲಿ ಅಮೆಜಾನ್ ತನ್ನ ಬಾಗಿಲು ತೆರೆಯಿತು. 2018ರ ಅಕ್ಟೋಬರ್‌ನಲ್ಲಿ ಸಿಯರ್ಸ್ ದಿವಾಳಿ ಅರ್ಜಿ ಹಾಕಿತು. ಮೇಲೆ ಕೂತು ಯೋಚಿಸುವವರಿಗೇನೂ ಅಲ್ಲಿ ಕೊರತೆಯಿರಲಿಲ್ಲ.

ಚಡಚಣದ ತೊಡಕು ಇದರ ತದ್ವಿರುದ್ಧ. ಒಂದೊಂದು ಅಂಗಡಿಗೂ ಯಜಮಾನನಿದ್ದಾನೆ, ಪೇಟೆಗೆ ಇಲ್ಲ. ಪಕ್ಕದವನನ್ನು ನೋಡಿ ಕಲಿಯುವ ವಿದ್ಯೆ, ಇಡೀ ಸಾಲಿಗೇ ಒಮ್ಮೆಲೆ ಪೆಟ್ಟು ಬಿದ್ದಾಗ ಉಪಯೋಗಕ್ಕೆ ಬರುವುದಿಲ್ಲ. 2016ರ ನೋಟು ರದ್ದತಿ, ಮರುವರ್ಷ ಜುಲೈನಲ್ಲಿ ಬಂದ ಜಿಎಸ್‌ಟಿ ಅಂಥ ಪೆಟ್ಟುಗಳು. ಈಗ ಇನ್ನೊಂದು ಎದುರಿಗಿದೆ. 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿ ಮೀರಿದ ಸಿದ್ಧ ಉಡುಪಿಗೆ ಶೇ. 18 ತೆರಿಗೆ, ಸೀರೆಗೆ ಮೊದಲಿನಂತೆ ಶೇ. 5. ಮದುಮಗನಿಗೆ ಶೇರ್ವಾನಿ, ಮದುಮಗಳಿಗೆ ಲೆಹಂಗಾ ಬೇಕೆನ್ನುವ ಕಾಲದಲ್ಲಿ ಹೊಲಿದ ಬಟ್ಟೆಗೆ ಬಂಡವಾಳ ತಿರುಗಿಸಬೇಕೋ, ಸೀರೆಯನ್ನೇ ಹಿಡಿದು ಕೂರಬೇಕೋ? ಪೋರ್ಟರ್ ಕೇಳುತ್ತಿದ್ದ ಪ್ರಶ್ನೆ ಇದು, ಏನನ್ನು ಬಿಡುತ್ತೀರಿ ಎಂಬುದು. ಬಸ್ತಾ ಕಟ್ಟುವವರು ಇದುವರೆಗೆ ಗಿರಾಕಿ ಕೇಳಿದ್ದನ್ನು ಇಲ್ಲವೆನ್ನದೆ ಬೆಳೆದವರು.