ಹಿಟ್ಟಿನ ಕೋಳಿಯ ಕೂಗು: ‘ಯಶೋಧರ ಚರಿತೆ’ಯಲ್ಲಿ ಅಂತಃಸಾಕ್ಷಿ ಮತ್ತು ದೈವಾಜ್ಞೆ

ಜನ್ನನ ‘ಯಶೋಧರ ಚರಿತೆ’ (1209) ಸಂಕಲ್ಪಹಿಂಸೆಯ ಕಾವ್ಯವೆಂದು ಪ್ರಸಿದ್ಧವಾಗಿದೆ. ಕೈಯಾರೆ ಮಾಡಿದ ಕೊಲೆಯಂತೆಯೇ ಮನಸಾರೆ ನೆನೆದ ಕೊಲೆಯೂ ಪಾಪಹೇತುವೆಂಬ ಜೈನತತ್ತ್ವವನ್ನು ಈ ಕಥೆ ನಿರೂಪಿಸುತ್ತದೆಂಬುದು ಸಾಮಾನ್ಯ ಅಭಿಪ್ರಾಯ. ಇದು ತಪ್ಪೆಂದು ನಾವು ಹೇಳುವುದಿಲ್ಲ. ಆದರೆ ಇಷ್ಟರಿಂದಲೇ ಯಶೋಧರನ ಅಪರಾಧದ ಸ್ವರೂಪ ಪೂರ್ತಿಯಾಗಿ ತಿಳಿಯುವುದಿಲ್ಲವೆಂದು ನಮ್ಮ ಭಾವನೆ.

ಕಥಾಸಂದರ್ಭವನ್ನು ನೆನೆಯಬಹುದು. ರಾಣಿ ಅಮೃತಮತಿ ವಿಕಾರರೂಪಿಯಾದ ಮಾವಟಿಗನಲ್ಲಿ ಅನುರಕ್ತಳಾಗಿರುವುದನ್ನು ಯಶೋಧರ ಕಣ್ಣಾರೆ ಕಾಣುತ್ತಾನೆ. ಕೊಲ್ಲಲು ಹಿರಿದ ಕತ್ತಿಯನ್ನು ತಾನೇ ತಡೆದುಕೊಳ್ಳುತ್ತಾನೆ. ಅವನ ಅಂತಃಸಾಕ್ಷಿ ಗೆದ್ದ ಗಳಿಗೆ ಅದು. ಮರುದಿನ ತಾಯಿ ಚಂದ್ರಮತಿ ಅವನ ಕಳವಳದ ಕಾರಣವನ್ನು ಕೇಳಿದಾಗ ಕಂಡದ್ದನ್ನು ಕೆಟ್ಟ ಕನಸೆಂದು ಮರೆಮಾಚುತ್ತಾನೆ. ಕನಸಿನ ಶಾಂತಿಗೆ ಚಂಡಮಾರಿಗೆ ಪ್ರಾಣಿಬಲಿಯಾಗಬೇಕೆಂದು ತಾಯಿ ವಿಧಿಸುತ್ತಾಳೆ. ಜೀವಹಿಂಸೆಯನ್ನು ಮಗ ಒಪ್ಪುವುದಿಲ್ಲ. ಕೊನೆಗೆ ಇಬ್ಬರಿಗೂ ಸಮ್ಮತವಾಗುವುದು ಹಿಟ್ಟಿನ ಕೋಳಿ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಬಲಿಯನ್ನು ದೇವತೆ ತಾನಾಗಿ ಕೇಳಿರಲಿಲ್ಲ. ಯಶೋಧರನ ಸುಳ್ಳಿನಿಂದಲೇ ಆ ಆಜ್ಞೆ ಹುಟ್ಟಿತು. ಸತ್ಯವನ್ನು ನುಡಿಯಲಾರದವನು ತಾನೇ ಸೃಷ್ಟಿಸಿದ ವಿಧಿಗೆ ತಾನೇ ಬದ್ಧನಾದನು. ಅವನಿಗೆ ಆಗ ಎರಡು ದಾರಿಗಳಿದ್ದವು: ಆಜ್ಞೆಯನ್ನು ನಿರಾಕರಿಸುವುದು, ಇಲ್ಲವೇ ನಿಜವನ್ನು ಹೇಳಿ ಅದರ ಬೇರನ್ನೇ ಕೀಳುವುದು. ಎರಡನ್ನೂ ಬಿಟ್ಟು ಅಂತಃಸಾಕ್ಷಿಯನ್ನೂ ತಾಯಿಯ ದೈವವನ್ನೂ ಒಂದೇ ಏಟಿನಲ್ಲಿ ಸಂತೈಸಲು ಹೊರಟನು. ಆದರೆ ಕತ್ತಿ ಬಿದ್ದೊಡನೆ, ಬೆಂತರ ಹೊಕ್ಕಿದ್ದ ಆ ಕೋಳಿ ಕೂಗಿತು. ಬೆಂತರದ ವಿವರಣೆ ಕಥೆಗೆ ಸಾಕು. ಕಾವ್ಯದ ಅನುಭವದಲ್ಲಿ ಆ ಕೂಗು ಯಶೋಧರ ಅದುಮಿಟ್ಟ ಅಂತಃಸಾಕ್ಷಿಯದೇ.

ಬದಲಿಬಲಿಯೇ ದೋಷವೆಂದು ಇದರಿಂದ ನಿರ್ಣಯಿಸಲಾಗದು. ಅದೇ ಶತಮಾನದಲ್ಲಿ ಬಾಳಿದ ಮಧ್ವಾಚಾರ್ಯರ ಸಂಪ್ರದಾಯದಲ್ಲಿ ಯಜ್ಞಕ್ಕೆ ಪಿಷ್ಟಪಶು ವಿಹಿತವಾಯಿತು. ಅಲ್ಲಿ ಹಿಟ್ಟಿನ ಪಶು ಜೀವಂತ ಪಶುವನ್ನು ಉಳಿಸಿತು. ಇಂದಿಗೂ ಆಯುಧಪೂಜೆಯಲ್ಲಿ ಕುಂಕುಮ ಬಳಿದ ಬೂದುಗುಂಬಳವನ್ನು ಒಡೆಯುವವರು ಯಾವ ಜೀವವನ್ನೂ ನೆನೆದು ಒಡೆಯುವುದಿಲ್ಲ. ವಸ್ತು ಒಂದೇ ಬಗೆಯದಾದರೂ ಅದನ್ನು ಹಿಡಿದ ಕೈಯ ಹಿಂದಿನ ಮನಸ್ಸು ಬೇರೆ. ಯಶೋಧರನ ಪಾಲಿಗೆ ಹಿಟ್ಟು ಕರುಣೆಯ ಉಪಾಯವಾಗದೆ ನಿರ್ಧಾರವನ್ನು ತಪ್ಪಿಸಿಕೊಳ್ಳುವ ಉಪಾಯವಾಯಿತು.

ಜನ್ನನಿಗೆ ಹೆಚ್ಚುಕಡಿಮೆ ಸಮಕಾಲೀನನಾದ ರಾಘವಾಂಕನ ‘ಹರಿಶ್ಚಂದ್ರ ಕಾವ್ಯ’ದೊಡನೆ ಹೋಲಿಸಿದರೆ ಈ ಮಾತು ಇನ್ನಷ್ಟು ಸ್ಪಷ್ಟವಾಗುತ್ತದೆ. ಅಲ್ಲಿ ಹರಿಶ್ಚಂದ್ರನು ಒಡೆಯನ ಆಜ್ಞೆಯಂತೆ ನಿರಪರಾಧಿಯಾದ ಮಡದಿಯ ಮೇಲೆ ಕತ್ತಿಯೆತ್ತುತ್ತಾನೆ. ಆಕೆಯ ಹೆಸರೂ ಚಂದ್ರಮತಿ. ಉಪಾಯಕ್ಕೆ ಅಲ್ಲಿ ಎಡೆಯಿಲ್ಲ. ಆಜ್ಞಾಪಾಲನೆ ಕೊನೆಯ ಮೇರೆಯನ್ನು ಮುಟ್ಟಿದಾಗ ಶಿವನೇ ಬಂದು ತಡೆಯುತ್ತಾನೆ. ಶಿವನು ಬಾರದಿದ್ದರೆ ಆ ಕೊಲೆಯನ್ನು ಏನೆಂದು ಕರೆಯುತ್ತಿದ್ದೆವು ಎಂಬ ಪ್ರಶ್ನೆ ಭಕ್ತಿಕಾವ್ಯದಲ್ಲಿ ಹಾಗೆಯೇ ಉಳಿಯುತ್ತದೆ. ಜನ್ನನ ಲೋಕದಲ್ಲಿ ಕತ್ತಿಯನ್ನು ತಡೆಯಲು ಯಾವ ದೇವರೂ ಬರುವುದಿಲ್ಲ. ತಡೆಯಬೇಕಾದವನು ಕತ್ತಿ ಹಿಡಿದವನೇ. ಹಿಂದಿನ ರಾತ್ರಿ ತಡೆದವನು ಮರುದಿನ ತಡೆಯಲಿಲ್ಲವೆಂಬುದೇ ಈ ಕಾವ್ಯದ ದುರಂತ.

ಆದರೂ ಒಂದು ಸಂದೇಹ ನಮ್ಮನ್ನು ಬಿಟ್ಟಿಲ್ಲ. ಅಮೃತಮತಿಯಿಕ್ಕಿದ ವಿಷದಿಂದ ಸತ್ತ ತಾಯಿಮಕ್ಕಳು ನವಿಲು ಮತ್ತು ನಾಯಿಯಾಗಿ ಹುಟ್ಟಿ, ಜನ್ಮಜನ್ಮಾಂತರಗಳಲ್ಲಿ ಜೊತೆಜೊತೆಯಾಗಿ ನವೆಯುತ್ತಾರೆ. ಚಂದ್ರಮತಿ ತನ್ನ ದೈವವನ್ನು ನಿಷ್ಕಪಟವಾಗಿ ನಂಬಿದವಳು. ಮಗನ ಕ್ಷೇಮವನ್ನಲ್ಲದೆ ಬೇರೇನನ್ನೂ ಬಯಸಿದವಳಲ್ಲ. ಯಶೋಧರ ತಿಳಿದೂ ತಪ್ಪಿದವನು. ಇಬ್ಬರಿಗೂ ಒಂದೇ ಬಗೆಯ ಫಲವೆ? ಕರ್ಮವು ನಂಬಿಕೆಯ ಪ್ರಾಮಾಣಿಕತೆಯನ್ನು ಕೇಳುವುದಿಲ್ಲವೆಂಬುದು ಕಾವ್ಯದ ಮೌನದ ಉತ್ತರ. ಅದನ್ನು ಸಿದ್ಧಾಂತವಾಗಿ ಗ್ರಹಿಸಬಹುದು. ಓದುಗರಾಗಿ ನಾವು ಸುಲಭವಾಗಿ ಒಪ್ಪಲಾರೆವು. ಪ್ರಾಮಾಣಿಕವಾದ ನಂಬಿಕೆಯಿಂದಲೂ ಕೇಡು ನಡೆಯುತ್ತದೆಂಬ ಕಟು ಸತ್ಯವನ್ನು ಮಾತ್ರ ಅಲ್ಲಗಳೆಯಲಾರೆವು.

ಈ ಕಥೆಯನ್ನು ಹೇಳುವವನು ಅಭಯರುಚಿ. ಯಶೋಧರನ ಜೀವವೇ ಕಡೆಗೆ ತಳೆದ ಜನ್ಮ ಅವನದು. ತಂಗಿಯೊಡನೆ ಚಂಡಮಾರಿಯ ಮುಂದೆ ಬಲಿಯಾಗಲು ನಿಂತು, ಬಲಿಗೊಡಲಿರುವ ಮಾರಿದತ್ತನಿಗೆ ಅದನ್ನು ಹೇಳುತ್ತಾನೆ. ಅಂದು ತಾಯಿಗೆ ಸತ್ಯವನ್ನು ಹೇಳಲಾರದವನು ಇಂದು ಕೊಲ್ಲುವವನಿಗೆ ಸತ್ಯವನ್ನು ಹೇಳುತ್ತಾನೆ. ಕೇಳಿದ ಮಾರಿದತ್ತ ಹಿಂಸೆಯನ್ನು ತೊರೆಯುತ್ತಾನೆ. ಸುಳ್ಳಿನಿಂದ ಹುಟ್ಟಿದ ಬಲಿ ಸತ್ಯದ ನುಡಿಯಿಂದ ನಿಲ್ಲುತ್ತದೆ.

ಯಶೋಧರನ ಕಥೆ ಕನ್ನಡಕ್ಕಷ್ಟೇ ಸೇರಿದುದಲ್ಲ. ಸೋಮದೇವನ ‘ಯಶಸ್ತಿಲಕ’ (959), ವಾದಿರಾಜನ ಸಂಸ್ಕೃತ ಕಾವ್ಯ, ಪುಷ್ಪದಂತನ ಅಪಭ್ರಂಶ ಕೃತಿ, ತಮಿಳಿನ ‘ಯಶೋಧರ ಕಾವಿಯಂ’ ಇವೆಲ್ಲ ಹೊರನಾಡಿನ ಸಂಶೋಧಕರಿಗೆ ಸುಲಭವಾಗಿ ದೊರೆಯುವಂಥವು. ಇವುಗಳಲ್ಲಿ ರಾಜನ ಸುಳ್ಳು ಮತ್ತು ಕೋಳಿಯ ಕೂಗು ಹೇಗೆ ಚಿತ್ರಿತವಾಗಿವೆ ಎಂಬುದನ್ನು ತೌಲನಿಕವಾಗಿ ಪರಿಶೀಲಿಸಿದಲ್ಲಿ, ಜನ್ನನ ಸ್ವೋಪಜ್ಞತೆಯ ಅಳತೆ ನಮಗೆ ಇನ್ನೂ ಖಚಿತವಾಗಿ ದೊರೆತೀತು.