ವಿಂಕ್ಸ್‌ಗೆ ಮೂವತ್ಮೂರರ ಲೆಕ್ಕ ಸಾಲದು

ಕಳಸದಿಂದ ಘಾಟಿ ಇಳಿದು ಮಿಯಾರಿನ ಕಂಬಳ ನೋಡಿ ಬಂದವರ ಬಾಯಲ್ಲಿ ಸೆಕೆಂಡಿನದೇ ಮಾತು: ಯಾವ ಜೋಡಿ ಎಷ್ಟರಲ್ಲಿ ಕರೆ ಮುಗಿಸಿತು, ಹೋದ ವರ್ಷಕ್ಕಿಂತ ಎಷ್ಟು ಚುರುಕು. ಕೆಸರಿನ ಓಟಕ್ಕೆ ಅದು ನ್ಯಾಯವಾದ ಅಳತೆಯೇ. ರೇಸ್ ಕುದುರೆಗೆ ಹಚ್ಚಹೋದರೆ ಮಾತ್ರ ಲೆಕ್ಕ ತಪ್ಪುತ್ತದೆ. ಆಸ್ಟ್ರೇಲಿಯಾದ ಹೆಣ್ಣುಕುದುರೆ ವಿಂಕ್ಸ್, ಮೆಲ್ಬರ್ನ್‌ನ ಮೂನಿ ವ್ಯಾಲಿಯಲ್ಲಿ 2040 ಮೀಟರಿನ ಕಾಕ್ಸ್ ಪ್ಲೇಟನ್ನು 2015ರಿಂದ 2018ರವರೆಗೆ ನಾಲ್ಕೂ ವರ್ಷ ಗೆದ್ದಳು. 2016ರಲ್ಲಿ ಎಂಟು ಲೆಂತ್, ಅಂದರೆ ಎಂಟು ಕುದುರೆಯುದ್ದ, ಮುಂದಿದ್ದಳು. ಮರುವರ್ಷ ಹ್ಯುಮಿಡರ್ ಎಂಬ ಕುದುರೆ ಬೆನ್ನಟ್ಟಿ ಬಂದು ಅರ್ಧ ಲೆಂತ್‌ನಷ್ಟರಲ್ಲಿ ಸೋತಿತು. ಗಡಿಯಾರ ಹೇಳುವುದು ತಿರುಗುಮುರುಗು. ಟ್ರ್ಯಾಕ್ ದಾಖಲೆಯಾದದ್ದು ಆ ಏದುಸಿರಿನ ಗೆಲುವು, 2 ನಿಮಿಷ 2.94 ಸೆಕೆಂಡ್; ಎಂಟು ಲೆಂತ್‌ನ ಗೆಲುವು ಅದಕ್ಕಿಂತ ಮೂರು ಸೆಕೆಂಡಿಗೂ ಮಿಕ್ಕಿ ನಿಧಾನ. ಮೊದಲರ್ಧದಲ್ಲಿ ಮುಂದಿನ ಕುದುರೆ ಎಷ್ಟು ಜೋರು ಓಡಿತು, ನೆಲ ಎಷ್ಟು ತೇವ ಎಂಬುದರ ಮೇಲೆ ಸಮಯ ನಿಲ್ಲುತ್ತದೆ. ಕುದುರೆಯ ಕಸುವಿನ ಮೇಲೆ ಮಾತ್ರವಲ್ಲ.

ಗಡಿಯಾರ ಬಿಟ್ಟರೆ ಎಲ್ಲರೂ ಹಿಡಿಯುವುದು ಅವಳ ಸತತ 33 ಗೆಲುವಿನ ಸಂಖ್ಯೆಯನ್ನು. ಅದೂ ದುರ್ಬಲ ಸಾಕ್ಷಿ ಎಂದೇ ನನ್ನ ವಾದ. ಬರೀ ಎಣಿಕೆಯಾದರೆ 19ನೇ ಶತಮಾನದ ಹಂಗೇರಿಯ ಕಿನ್‌ಚೆಮ್ 54 ಓಡಿ 54 ಗೆದ್ದಿದ್ದಾಳೆ. ಆಸ್ಟ್ರೇಲಿಯಾದವಳೇ ಆದ ಬ್ಲ್ಯಾಕ್ ಕ್ಯಾವಿಯರ್ 25ಕ್ಕೆ 25. ವಿಂಕ್ಸ್‌ಗೆ ಸೋಲಿನ ರುಚಿಯೂ ಗೊತ್ತು: 43 ಓಟ, 37 ಗೆಲುವು. ಮೊದಲ ಹತ್ತರಲ್ಲಿ ಗೆದ್ದದ್ದು ನಾಲ್ಕೇ. ಆದರೆ ಬ್ಲ್ಯಾಕ್ ಕ್ಯಾವಿಯರ್ 1400 ಮೀಟರ್ ದಾಟದ ಸ್ಪ್ರಿಂಟರ್. ವಿಂಕ್ಸ್ 1300 ಮೀಟರಿನಲ್ಲೂ ಗೆದ್ದಳು, 2200 ಮೀಟರಿನ ಕ್ವೀನ್ಸ್‌ಲ್ಯಾಂಡ್ ಓಕ್ಸನ್ನೂ ಗೆದ್ದಳು. 2017ರ ವಾರ್ವಿಕ್ ಸ್ಟೇಕ್ಸ್‌ನಲ್ಲಿ ಗೇಟಿನಲ್ಲೇ ಎಡವಟ್ಟಾಗಿ ಹಲವು ಲೆಂತ್ ಹಿಂದೆ ಬಿದ್ದು, ಕೊನೆಯ ಹೆಜ್ಜೆಗಳಲ್ಲಿ ಫಾಕ್ಸ್‌ಪ್ಲೇಯನ್ನು ಹಿಡಿದಳು. ಎಂಟು ಲೆಂತ್‌ನ ಗೆಲುವಿಗಿಂತ ನನಗೆ ಈ ಗೆಲುವೇ ಹೆಚ್ಚು ಹೇಳುತ್ತದೆ. ಅರೇಬಿಕಾ ಗಿಡ ಒಂದು ವರ್ಷ ಕೊಂಬೆ ಬಾಗುವಷ್ಟು ಹಿಡಿದು ಮರುವರ್ಷ ಸೊರಗುವುದನ್ನು ಕಂಡ ನಮ್ಮ ತೋಟದವರು ಒಂದೇ ಕೊಯ್ಲು ನೋಡಿ ಗಿಡಕ್ಕೆ ಬೆಲೆ ಕಟ್ಟುವುದಿಲ್ಲ. ವಿಂಕ್ಸ್ ಮೇ 2015ರಿಂದ ಏಪ್ರಿಲ್ 2019ರವರೆಗೆ ಒಂದು ಸೀಸನ್ನೂ ಸೊರಗಲಿಲ್ಲ.

ಆಕ್ಷೇಪಗಳು ಬಲವಾಗಿಯೇ ಇವೆ. ಹೆಣ್ಣೆಂದು ಎರಡು ಕಿಲೋ ರಿಯಾಯಿತಿ ಸಿಕ್ಕಿತಲ್ಲ ಎನ್ನುತ್ತಾರೆ. ಕಾಕ್ಸ್ ಪ್ಲೇಟಿನಲ್ಲಿ ಗಂಡಿಗೆ 59, ಹೆಣ್ಣಿಗೆ 57 ಕಿಲೋ, ನಿಜ. ಆದರೆ ಹ್ಯಾಂಡಿಕ್ಯಾಪ್ ರೇಸಿನಲ್ಲಿ ತೂಕ ಹಂಚುವುದೇ ಒಳ್ಳೆಯ ಕುದುರೆಯನ್ನು ಕಟ್ಟಿಹಾಕಲು. ಅಂಥ ಎಪ್ಸಮ್ ಹ್ಯಾಂಡಿಕ್ಯಾಪನ್ನು 2015ರಲ್ಲಿ, ಡಾನ್‌ಕಾಸ್ಟರನ್ನು 2016ರಲ್ಲಿ ಅವಳು ಗೆದ್ದಳು. ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ: ಅವಳು ಆಸ್ಟ್ರೇಲಿಯಾ ಬಿಟ್ಟು ಹೊರಗೆ ಓಡಲೇ ಇಲ್ಲ, ಬ್ಲ್ಯಾಕ್ ಕ್ಯಾವಿಯರ್ 2012ರಲ್ಲಿ ಇಂಗ್ಲೆಂಡಿನ ರಾಯಲ್ ಆಸ್ಕಟ್‌ಗೆ ಹೋಗಿ ಗೆದ್ದು ಬಂದಳಲ್ಲ? ಟ್ರೈನರ್ ಕ್ರಿಸ್ ವಾಲರ್ ಒಮ್ಮೆ ಧೈರ್ಯ ಮಾಡಬೇಕಿತ್ತು ಎಂದು ನನಗೂ ಅನಿಸುತ್ತದೆ. ಆದರೆ ಮನೆಯಲ್ಲೇ ಕೂತವಳ ಬಾಗಿಲಿಗೆ ಬಂದವರು ಯಾರು ಎಂದೂ ನೋಡಬೇಕು. 2015ರ ಕಾಕ್ಸ್ ಪ್ಲೇಟಿನಲ್ಲಿ ಅವಳ ಹಿಂದೆ ಮೂರನೆಯದಾಗಿ ಬಂದದ್ದು ಐರ್ಲೆಂಡಿನ ಹೈಲ್ಯಾಂಡ್ ರೀಲ್. ಮರುವರ್ಷ ಅದೇ ಕುದುರೆ ಆಸ್ಕಟ್‌ನಲ್ಲಿ ಕಿಂಗ್ ಜಾರ್ಜ್, ಅಮೆರಿಕದಲ್ಲಿ ಬ್ರೀಡರ್ಸ್ ಕಪ್ ಟರ್ಫ್ ಎರಡನ್ನೂ ಗೆದ್ದಿತು. 2018ರಲ್ಲಿ ಎರಡನೆಯದಾದ ಬೆನ್‌ಬಾಟಲ್ ಅದೇ ವರ್ಷ ದುಬೈ ಟರ್ಫ್ ಗೆದ್ದು ಬಂದಿತ್ತು. ಎದುರಾಳಿಗಳು ಸಪ್ಪೆ ಎನ್ನುವವರು ಈ ಎರಡು ಹೆಸರಿಗೆ ಉತ್ತರ ಕೊಡಬೇಕು.

ಬೆಂಗಳೂರಿನ ರೇಸ್‌ಪ್ರಿಯರ ತಕರಾರು ಬೇರೆ, ಅದನ್ನು ನಾನು ತಳ್ಳಿಹಾಕಲಾರೆ. ನಮ್ಮ ದೇಶದಲ್ಲಿ ಕುದುರೆಯ ಬೆಲೆ ನಿಗದಿಯಾಗುವುದು ಮುಂಬೈ ಮಹಾಲಕ್ಷ್ಮಿಯ ಇಂಡಿಯನ್ ಡರ್ಬಿಯ 2400 ಮೀಟರಿನಲ್ಲಿ. 1943ರ ಮೊದಲ ಡರ್ಬಿ ಗೆದ್ದದ್ದೇ ಪ್ರಿನ್ಸೆಸ್ ಬ್ಯೂಟಿಫುಲ್ ಎಂಬ ಹೆಣ್ಣುಕುದುರೆ. ಕುಣಿಗಲ್ ಸ್ಟಡ್‌ನ ಡೆಸರ್ಟ್ ಗಾಡ್‌ಗೆ ಹೆಸರು ಬಂದದ್ದೂ 2016ರಲ್ಲಿ ಅದೇ ದೂರದಿಂದ. ವಿಂಕ್ಸ್ ಆ ದೂರ ಓಡಿದ ಆಸ್ಟ್ರೇಲಿಯನ್ ಓಕ್ಸ್‌ನಲ್ಲಿ ಗಸ್ಟ್ ಆಫ್ ವಿಂಡ್‌ಗೆ ಸೋತಳು. ಆಗ ಅವಳಿಗೆ ಮೂರು ವರ್ಷ, ಮೈ ತುಂಬಿರಲಿಲ್ಲ ಎಂದು ವಕಾಲತ್ತು ಮಾಡಬಹುದು. ಮೈ ತುಂಬಿದ ಮೇಲೂ 2400ಕ್ಕೆ ಇಳಿಸಲಿಲ್ಲವಲ್ಲ ಎಂದರೆ ಮಾತಿಲ್ಲ. ಆ ದೂರಕ್ಕೆ ಫ್ರಾನ್ಸಿನ ಆರ್ಕ್ ರೇಸನ್ನು ಎರಡು ಸಲ, ಕಿಂಗ್ ಜಾರ್ಜನ್ನು ಮೂರು ಸಲ ಗೆದ್ದ ಹೆಣ್ಣುಕುದುರೆ ಎನೇಬಲ್‌ಳನ್ನೇ ನಾನು ಮೇಲಿಡುತ್ತೇನೆ. 1300ರಿಂದ 2200ರವರೆಗೆ ಮಾತ್ರ ವಿಂಕ್ಸ್‌ಗಿಂತ ಮೇಲೆ ಇಡಲು ಈ ಶತಮಾನದಲ್ಲಿ ಇನ್ನೊಂದು ಹೆಣ್ಣುಕುದುರೆ ನನಗೆ ಕಾಣುತ್ತಿಲ್ಲ.