ಸಲಾಕೆಯೂ ಶೀಲವೂ: ಗೇಜನ ಕಥೆಯ ಒಂದು ವಿಮರ್ಶೆ

ಹುಟ್ಟುಗುಣ ಸುಟ್ಟರೂ ಹೋಗದೆಂಬುದು ಕನ್ನಡಿಗರ ಮನೆಮನೆಯ ಮಾತು. ಮನುಷ್ಯನ ಶೀಲವು ಅವನೊಡನೆ ಹುಟ್ಟಿ ಅವನೊಡನೆಯೇ ಮಣ್ಣುಗೂಡತಕ್ಕುದೆಂದೂ, ದೇಹಕ್ಕೆ ಒದಗಿದ ವಿಪತ್ತು ಅದನ್ನು ಮುಟ್ಟಲಾರದೆಂದೂ ಈ ಗಾದೆಯ ಅಭಿಪ್ರಾಯ. ಇದಕ್ಕೆ ನೇರವಾಗಿ ಎದುರು ನಿಲ್ಲತಕ್ಕ ಕಥೆಯೊಂದು ಪಾಶ್ಚಾತ್ಯರ ವೈದ್ಯ ಗ್ರಂಥಗಳಲ್ಲಿಯೂ ಮನಶ್ಶಾಸ್ತ್ರದ ಗ್ರಂಥಗಳಲ್ಲಿಯೂ ಒಂದು ಶತಮಾನಕ್ಕೂ ಮೇಲ್ಪಟ್ಟು ಸಂಚರಿಸುತ್ತಲಿದೆ. ಅಮೆರಿಕದ ಫಿನಿಯಾಸ್ ಗೇಜನೆಂಬ ರೈಲ್ವೆ ಮೇಸ್ತ್ರಿಯ ಕಥೆಯೇ ಅದು. ಮಿದುಳಿನ ಒಂದು ಭಾಗವು ನಷ್ಟವಾದ ಮಾತ್ರಕ್ಕೆ ಸಜ್ಜನನೊಬ್ಬನು ದುರ್ಜನನಾದನೆಂದು ಹೇಳುವವರು ಇವನನ್ನೇ ಮೊದಲನೆಯ ಸಾಕ್ಷಿಯಾಗಿ ಕರೆಯುವುದು ವಾಡಿಕೆ. ವಸ್ತುವು ಶಾಸ್ತ್ರಕ್ಕೆ ಸೇರಿದ್ದಾದರೂ ಅದನ್ನು ಹೇಳಿದವರು ಹಲವರು. ಹೇಳಿದ ರೀತಿಗಳೂ ಹಲವು. ಆದುದರಿಂದ ಅದು ಸಾಹಿತ್ಯ ವಿಮರ್ಶೆಗೂ ತಕ್ಕ ವಿಷಯವೇ ಆಗಿದೆ. ಯಾವ ನಿರೂಪಣೆಯು ವಸ್ತುವಿಗೆ ನಿಷ್ಠವಾಗಿದೆ, ಯಾವುದು ಚಮತ್ಕಾರದ ಆಶೆಗೆ ಬಿದ್ದು ವಸ್ತುವನ್ನು ಬಲಿಗೊಟ್ಟಿದೆ ಎಂಬುದೇ ಇಲ್ಲಿನ ಪ್ರಶ್ನೆ.

ಮೊದಲು ವಸ್ತುವನ್ನು ನೋಡುವುದು ಯುಕ್ತ. 1848ನೆಯ ಇಸವಿ ಸೆಪ್ಟೆಂಬರ್ 13ರ ಸಾಯಂಕಾಲ ವರ್ಮಾಂಟ್ ಸಂಸ್ಥಾನದ ಕ್ಯಾವೆಂಡಿಷ್ ಎಂಬ ಊರಿನ ಬಳಿ ರೈಲು ದಾರಿಗಾಗಿ ಬಂಡೆ ಸಿಡಿಸುವ ಕೆಲಸ ನಡೆಯುತ್ತಿತ್ತು. ಬಂಡೆಯಲ್ಲಿ ಕೊರೆದ ಕುಳಿಗೆ ಸಿಡಿಮದ್ದನ್ನು ತುಂಬಿ, ಮೇಲೆ ಮರಳು ಸುರಿದು, ಕಬ್ಬಿಣದ ಸಲಾಕೆಯಿಂದ ಗಟ್ಟಿಸುವುದು ಆ ಕೆಲಸದ ಕ್ರಮ. ಮೇಸ್ತ್ರಿಯಾದ ಗೇಜನಿಗೆ ಆಗ 25 ವರ್ಷ. ಗಟ್ಟಿಸುತ್ತಿದ್ದಂತೆ ಅಕಾಲದಲ್ಲಿ ಮದ್ದು ಸಿಡಿಯಿತು. 3 ಅಡಿ 7 ಅಂಗುಲ ಉದ್ದವೂ, 1¼ ಅಂಗುಲ ದಪ್ಪವೂ, 13¼ ಪೌಂಡು ತೂಕವೂ ಇದ್ದ ಸಲಾಕೆಯು ಅವನ ಎಡಗೆನ್ನೆಯಿಂದ ಹೊಕ್ಕು, ಎಡಗಣ್ಣಿನ ಹಿಂಬದಿಯಾಗಿ ಹಾದು, ನೆತ್ತಿಯನ್ನು ಒಡೆದುಕೊಂಡು ಹೊರಬಿದ್ದಿತು. ಗೇಜನು ಸಾಯಲಿಲ್ಲ. ಕೆಲವೇ ನಿಮಿಷಗಳಲ್ಲಿ ಮಾತನಾಡಿದನು. ಎತ್ತಿನ ಗಾಡಿಯಲ್ಲಿ ನೆಟ್ಟಗೆ ಕುಳಿತು ಬಿಡಾರಕ್ಕೆ ಬಂದನು. ಜಾನ್ ಮಾರ್ಟಿನ್ ಹಾರ್ಲೋ ಎಂಬ ಹಳ್ಳಿಯ ವೈದ್ಯನು ಅವನ ಶುಶ್ರೂಷೆಯನ್ನು ವಹಿಸಿಕೊಂಡನು. ಗಾಯವು ಕೀತು, ಜ್ವರವೇರಿ, ಪ್ರಾಣದ ಆಸೆಯನ್ನೇ ಬಿಡುವಂತಾದರೂ ಎರಡೂವರೆ ತಿಂಗಳೊಳಗಾಗಿ ರೋಗಿಯು ತಂದೆತಾಯಿಗಳ ಮನೆಗೆ ಹಿಂತಿರುಗಿದನು. ಎಡಗಣ್ಣಿನ ದೃಷ್ಟಿ ಮಾತ್ರ ಹೋಯಿತು.

ಇಲ್ಲಿಂದ ಮುಂದಕ್ಕೆ ಕಥೆಯು ಕವಲೊಡೆಯುತ್ತದೆ. ಹಾರ್ವರ್ಡ್ ವಿದ್ಯಾಲಯದ ಶಸ್ತ್ರವೈದ್ಯ ಹೆನ್ರಿ ಬಿಗೆಲೋ ಎಂಬವನು ಗೇಜನನ್ನು ಬಾಸ್ಟನ್ ನಗರಕ್ಕೆ ಕರೆಯಿಸಿಕೊಂಡು ಪರೀಕ್ಷಿಸಿ, ದೇಹದಲ್ಲಿಯೂ ಮನಸ್ಸಿನಲ್ಲಿಯೂ ಅವನು ಚೇತರಿಸಿಕೊಂಡಿದ್ದಾನೆಂದು 1850ರಲ್ಲಿ ಬರೆದನು. ಇಂಥ ಅಪಘಾತ ನಡೆದುದೇ ಸುಳ್ಳೆಂದು ಹಲವರು ಸಂಶಯಪಡುತ್ತಿದ್ದ ಕಾಲವದು. ಗಾಯವು ನಿಜವೆಂದು ಸ್ಥಾಪಿಸುವುದರಲ್ಲಿಯೇ ಬಿಗೆಲೋವಿನ ಲಕ್ಷ್ಯವೆಲ್ಲ ಇದ್ದಿತು. ಹಾರ್ಲೋ ಆದರೋ ಇಪ್ಪತ್ತು ವರ್ಷ ಕಾದನು. ಗೇಜನು ಸತ್ತುದನ್ನು ತಿಳಿದು, ಅವನ ತಾಯಿಯ ಒಪ್ಪಿಗೆಯಿಂದ ತಲೆಬುರುಡೆಯನ್ನೂ ಸಲಾಕೆಯನ್ನೂ ತರಿಸಿಕೊಂಡು, 1868ರಲ್ಲಿ ಮಸಾಚುಸೆಟ್ಸ್ ವೈದ್ಯರ ಸಭೆಯ ಮುಂದೆ ಎರಡನೆಯ ವರದಿಯನ್ನು ಓದಿದನು. ಮೊದಲು ಚುರುಕಾಗಿಯೂ, ಹಿಡಿದ ಕೆಲಸವನ್ನು ಬಿಡದೆಯೂ, ಸಮಚಿತ್ತನಾಗಿಯೂ ಇದ್ದವನು ಗಾಯವಾದ ಮೇಲೆ ಅಸ್ಥಿರನೂ, ಹಟಮಾರಿಯೂ, ಬಯ್ಗುಳದ ಬಾಯಿಯವನೂ, ಹೂಡಿದ ಯೋಜನೆಗಳನ್ನು ಹೂಡುತ್ತಲೇ ಕೈಬಿಡುವವನೂ ಆದನೆಂದೂ, ಬುದ್ಧಿಯಲ್ಲಿ ಮಗುವಾಗಿ ಆವೇಗದಲ್ಲಿ ಬಲಿಷ್ಠ ಗಂಡಸಾದನೆಂದೂ, ಹಳೆಯ ಸ್ನೇಹಿತರು ಅವನಲ್ಲಿ ಹಳೆಯ ಗೇಜನನ್ನು ಕಾಣಲಿಲ್ಲವೆಂದೂ ಅದರಲ್ಲಿ ಹೇಳಿದೆ. ಮೇಸ್ತ್ರಿಯ ಕೆಲಸ ಅವನಿಗೆ ಮತ್ತೆ ದೊರೆಯಲಿಲ್ಲ.

ಬರಹದ ದೃಷ್ಟಿಯಿಂದ ಹಾರ್ಲೋವಿನ ವರದಿಯು ಮೇಲ್ತರಗತಿಯದು. ಅದರಲ್ಲಿ ಆಡಂಬರವಿಲ್ಲ, ಅಳತೆಯಿದೆ, ದಿನದಿನದ ವಿವರವಿದೆ. ಮಗನು ತನ್ನ ಸೋದರಿಯ ಮಕ್ಕಳಿಗೆ ಇಲ್ಲದ ಸಾಹಸಗಳ ಕಥೆ ಕಟ್ಟಿ ಹೇಳಿ ರಂಜಿಸುತ್ತಿದ್ದನೆಂದೂ, ಮಕ್ಕಳು, ಕುದುರೆಗಳು, ನಾಯಿಗಳು ಇವುಗಳಲ್ಲಿ ಅವನಿಗೆ ಬಹಳ ಪ್ರೀತಿಯಿದ್ದಿತೆಂದೂ ತಾಯಿಯು ತಿಳಿಸಿದ ಮಾತನ್ನು ಅವನು ಬಿಡದೆ ಸೇರಿಸಿದ್ದಾನೆ. ತನ್ನ ಸಿದ್ಧಾಂತಕ್ಕೆ ಅನುಕೂಲವಲ್ಲದುದನ್ನೂ ದಾಖಲೆ ಮಾಡಿದ ಈ ಪ್ರಾಮಾಣಿಕತೆಯು ಶ್ಲಾಘ್ಯವಾದುದು. ಹಾಗೆಂದು ದೋಷಗಳಿಲ್ಲದಿಲ್ಲ. ಗೇಜನು ತೀರಿಕೊಂಡುದು 1860ನೆಯ ಮೇ ತಿಂಗಳಲ್ಲಿ. ಹಾರ್ಲೋ 1861 ಎಂದು ಬರೆದನು. ತಲೆಬುರುಡೆಯ ಉಬ್ಬುತಗ್ಗುಗಳಿಂದ ಗುಣವನ್ನು ಓದುವ ಕಪಾಲ ಸಾಮುದ್ರಿಕವು ಆ ಕಾಲದಲ್ಲಿ ಪ್ರಚಾರದಲ್ಲಿದ್ದು, ಅದರ ಪ್ರಭಾವವು ಅವನ ಮೇಲೆಯೂ ಬಿದ್ದಿದ್ದಿತು. ಒಬ್ಬ ವೈದ್ಯನು ಗಾಯವನ್ನು ನೋಡಬಂದು ಗಾಯವನ್ನೇ ಕಂಡನು; ಇನ್ನೊಬ್ಬನು ಗುಣವನ್ನು ನೋಡಬಂದು ಗುಣವನ್ನೇ ಕಂಡನು. ಎಲ್ಲಕ್ಕಿಂತ ಮುಖ್ಯವಾದ ಸಂಗತಿಯೇನೆಂದರೆ, ಗೇಜನ ಮನಸ್ಸನ್ನು ಕುರಿತು ಕಣ್ಣಾರೆ ಕಂಡವರು ಬಿಟ್ಟುಹೋದ ಬರವಣಿಗೆಯೆಲ್ಲವೂ ಸೇರಿ ಕೆಲವು ನೂರು ಮಾತುಗಳಾಗುತ್ತವೆ, ಅಷ್ಟೆ.

ಈ ಸ್ವಲ್ಪ ಬೀಜದಿಂದ ಬೆಳೆದ ಮರವು ಎಷ್ಟು ದೊಡ್ಡದೆಂಬುದನ್ನು ನೋಡಿದರೆ ಆಶ್ಚರ್ಯವಾಗುತ್ತದೆ. 1878ರಲ್ಲಿ ಇಂಗ್ಲೆಂಡಿನ ಡೇವಿಡ್ ಫೆರಿಯರನು ಮಿದುಳಿನ ಮುಂಭಾಗದ ಕಾರ್ಯವನ್ನು ಕುರಿತ ಉಪನ್ಯಾಸಗಳಲ್ಲಿ ಗೇಜನನ್ನು ಉದಾಹರಿಸಿದಂದಿನಿಂದ ಕಥೆಯು ಗ್ರಂಥದಿಂದ ಗ್ರಂಥಕ್ಕೆ ಹೋಗುತ್ತ ಕೊಬ್ಬಿತು. ಒಬ್ಬರು ಅವನನ್ನು ಕುಡುಕನನ್ನಾಗಿ ಮಾಡಿದರು. ಮತ್ತೊಬ್ಬರು ಜಗಳಗಂಟನನ್ನಾಗಿ, ಸುಳ್ಳನನ್ನಾಗಿ ಮಾಡಿದರು. ಹೆಂಡತಿ ಮಕ್ಕಳನ್ನು ಹಿಂಸಿಸಿದನೆಂದೂ ಬರೆದರು. ಅವನಿಗೆ ಹೆಂಡತಿ ಮಕ್ಕಳಿದ್ದರೆಂಬುದಕ್ಕೆ ಆಧಾರವೇ ಇಲ್ಲ. ಯಾವ ಕೆಲಸದಲ್ಲಿಯೂ ನಿಲ್ಲದೆ ಅಲೆದನೆಂಬುದಂತೂ ಎಲ್ಲರ ಪಲ್ಲವಿ. ಆದರೆ ಹಾರ್ಲೋವಿನ ವರದಿಯಲ್ಲಿ ಗೇಜನು ಪದೇಪದೇ ಕೆಲಸ ಬದಲಾಯಿಸಿದುದು ಕೊನೆಗಾಲದಲ್ಲಿ, ಅಪಸ್ಮಾರವು ಬಡಿದ ತರುವಾಯ, ಕೆಲವೇ ತಿಂಗಳುಗಳ ಮಾತು. ಮರುನಿರೂಪಕರು ಆ ಮುಸ್ಸಂಜೆಯ ನೆರಳನ್ನು ಇಡೀ ಹಗಲಿನ ಮೇಲೆ ಹರಡಿಬಿಟ್ಟರು. ಔಚಿತ್ಯವನ್ನು ಕಾವ್ಯದ ಪ್ರಾಣವೆಂದು ಎಣಿಸಿದ ಕ್ಷೇಮೇಂದ್ರನ ಅಳತೆಯಿಂದ ನೋಡಿದರೆ ಇದು ಅತಿಶಯೋಕ್ತಿಯೂ ಅಲ್ಲ, ಅನೌಚಿತ್ಯ. ಅತಿಶಯೋಕ್ತಿಯು ಇದ್ದುದನ್ನು ಹಿಗ್ಗಿಸುತ್ತದೆ. ಇವರು ಇಲ್ಲದುದನ್ನು ಹೂಡಿದರು.

ಈ ಪರಂಪರೆಯಲ್ಲಿ ಬಹು ಪ್ರಸಿದ್ಧವಾದ ನಿರೂಪಣೆಯು ಅಂಟೋನಿಯೊ ದಮಾಸಿಯೋ ಅವರು 1994ರಲ್ಲಿ ಪ್ರಕಟಿಸಿದ ‘ಡೇಕಾರ್ಟನ ದೋಷ’ವೆಂಬ ಅರ್ಥದ ಹೆಸರಿನ ಗ್ರಂಥದಲ್ಲಿದೆ. ಭಾವಗಳ ನೆರವಿಲ್ಲದೆ ವಿವೇಕವು ಕುಂಟುತ್ತದೆಂಬುದು ಗ್ರಂಥದ ಪ್ರತಿಪಾದನೆ. ಶೈಲಿಯು ಲಲಿತವಾಗಿದೆ, ಅಪಘಾತದ ದೃಶ್ಯವು ಓದುಗರ ಕಣ್ಣಿಗೆ ಕಟ್ಟುತ್ತದೆ. ತಾವೇ ಪರೀಕ್ಷಿಸಿದ ರೋಗಿಯೊಬ್ಬನನ್ನು ಕುರಿತು ಗ್ರಂಥಕರ್ತರು ಬರೆದ ಭಾಗವು ಇನ್ನೂ ಗಟ್ಟಿಯಾದುದು. ಆ ರೋಗಿಯ ಬುದ್ಧಿಯೂ ಜ್ಞಾಪಕವೂ ಕೆಡಲಿಲ್ಲ. ಆದರೂ ಸಣ್ಣ ಸಂಗತಿಯೊಂದನ್ನು ನಿಶ್ಚಯಿಸಲಾರದೆ ಅವನ ಸಂಸಾರ ವ್ಯವಹಾರವೆಲ್ಲ ಹಾಳಾಯಿತು. ಇಂಥ ರೋಗಿಗಳೇ ಸಿದ್ಧಾಂತದ ನಿಜವಾದ ಕಂಬಗಳು. ಹೀಗಿರಲು ಗೇಜನನ್ನು ಪತನದ ಮೂರ್ತಿಯನ್ನಾಗಿ ಮುಂಬಾಗಿಲಲ್ಲಿ ನಿಲ್ಲಿಸಬೇಕಾದ ಅಗತ್ಯವಿರಲಿಲ್ಲ. ಅವನ ಜೀವನದ ಅತಿ ದೀರ್ಘವಾದ ಅಧ್ಯಾಯವನ್ನು ಹಗುರವಾಗಿ ದಾಟಿ ಹೋದುದು ಆ ಗ್ರಂಥದ ಕೊರತೆ.

ಆ ಅಧ್ಯಾಯವಾವುದು? ಮೊದಲು ಗೇಜನು ನ್ಯೂ ಹ್ಯಾಂಪ್‌ಷೈರಿನ ಬಾಡಿಗೆ ಕುದುರೆಗಳ ಲಾಯವೊಂದರಲ್ಲಿ ಒಂದೂವರೆ ವರ್ಷದಷ್ಟು ಕೆಲಸ ಮಾಡಿದನು. 1852ರಲ್ಲಿ ದಕ್ಷಿಣ ಅಮೆರಿಕದ ಚಿಲಿ ದೇಶಕ್ಕೆ ಹೋಗಿ, ಸುಮಾರು ಏಳು ವರ್ಷಕಾಲ ಅಲ್ಲಿದ್ದು, ಅದರಲ್ಲಿ ಬಹುಭಾಗ ವಾಲ್ಪರೈಸೋ ನಗರಕ್ಕೂ ಸ್ಯಾಂಟಿಯಾಗೋ ನಗರಕ್ಕೂ ನಡುವೆ ಪ್ರಯಾಣಿಕರ ಕುದುರೆಗಾಡಿಯನ್ನು ಹೊಡೆದನು. ದಾರಿಯ ಉದ್ದ ಸುಮಾರು ನೂರು ಮೈಲಿ. ಅನೇಕ ಕುದುರೆಗಳ ಲಗಾಮುಗಳನ್ನು ಒಮ್ಮೆಗೇ ಹಿಡಿದು, ಬೆಟ್ಟದ ತಿರುವುಗಳಲ್ಲಿ ಗಾಡಿಯನ್ನು ಸಾಗಿಸಿ, ಅರಿಯದ ಭಾಷೆಯ ಜನರೊಡನೆ ವ್ಯವಹರಿಸತಕ್ಕ ಈ ಕೆಲಸವು ಮುಂದಾಲೋಚನೆಯೂ ಸಂಯಮವೂ ಇಲ್ಲದವನ ಕೈಗೆ ಹತ್ತತಕ್ಕುದಲ್ಲ. 1858ರಲ್ಲಿ ಅವನನ್ನು ಅಲ್ಲಿ ಕಂಡ ವೈದ್ಯನೊಬ್ಬನು ಅವನ ಬುದ್ಧಿಯಲ್ಲಿ ಊನವೇನೂ ತೋರಲಿಲ್ಲವೆಂದು ತಿಳಿಸಿದ್ದಾನೆ. 2009ರಲ್ಲಿ ಗುರುತು ಹತ್ತಿದ ಹಳೆಯ ಛಾಯಾಚಿತ್ರವೊಂದರಲ್ಲಿ ಗೇಜನು ಒಳ್ಳೆಯ ಉಡುಪು ತೊಟ್ಟು, ಒಂದು ಕಣ್ಣು ಮುಚ್ಚಿ, ಸಲಾಕೆಯನ್ನು ಕೈಯಲ್ಲಿ ಹಿಡಿದು ದೃಢವಾಗಿ ಕುಳಿತಿದ್ದಾನೆ. ಗ್ರಂಥಗಳ ಗೇಜನಿಗೂ ಈ ಚಿತ್ರದವನಿಗೂ ಹೋಲಿಕೆ ಕಡಮೆ.

ಮರೆತುಹೋದ ಈ ಅಂಗವನ್ನು ಮತ್ತೆ ಬೆಳಕಿಗೆ ತಂದ ಕೀರ್ತಿ ಮ್ಯಾಲ್ಕಂ ಮ್ಯಾಕ್‌ಮಿಲನ್ ಅವರದು. 2000ದಲ್ಲಿ ಅಚ್ಚಾದ ಅವರ ಬೃಹದ್ಗ್ರಂಥವೂ ಅನಂತರದ ಲೇಖನಗಳೂ ಪ್ರತಿಯೊಂದು ಮಾತಿನ ಮೂಲವನ್ನು ಹುಡುಕಿ, ಯಾವುದು ಸಾಕ್ಷ್ಯ, ಯಾವುದು ಕಟ್ಟುಕಥೆ ಎಂದು ಬೇರ್ಪಡಿಸುತ್ತವೆ. ಗೇಜನ ದುರ್ಗುಣಗಳು ಮೊದಲ ಕೆಲವು ವರ್ಷಗಳವಾಗಿದ್ದು, ಕ್ರಮಬದ್ಧವಾದ ಕೆಲಸವು ಅವನನ್ನು ಮೆಲ್ಲಮೆಲ್ಲನೆ ತಿದ್ದಿತೆಂಬುದು ಅವರ ಊಹೆ. ಗ್ರಂಥದ ಭಾರವು ಸಾಮಾನ್ಯ ಓದುಗರನ್ನು ದಣಿಸುತ್ತದೆಂಬುದು ನಿಜ. ಚಿಲಿಯ ವರ್ಷಗಳ ಸಾಕ್ಷ್ಯವೂ ತೆಳುವಾದುದೇ; ಹಾರ್ಲೋವಿನ ಕೆಲವು ನೂರು ಮಾತುಗಳನ್ನು ನಂಬುವಾಗ ವಹಿಸತಕ್ಕ ಎಚ್ಚರಿಕೆಯನ್ನು ಇಲ್ಲಿಯೂ ವಹಿಸಬೇಕು. ಆದರೆ ಊಹೆಯನ್ನು ಊಹೆಯೆಂದೇ ಹೇಳುವ ಗ್ರಂಥವು, ಊಹೆಯನ್ನು ಚರಿತ್ರೆಯೆಂದು ಹೇಳುವ ಗ್ರಂಥಕ್ಕಿಂತ ಮೇಲಾದುದೆಂಬುದರಲ್ಲಿ ಸಂದೇಹವಿಲ್ಲ.

ಹಾಗಾದರೆ ಮಿದುಳಿಗೂ ನಡತೆಗೂ ಸಂಬಂಧವೇ ಇಲ್ಲವೆಂದಾಯಿತೇ? ಎಂದಿಗೂ ಇಲ್ಲ. ಹಣೆಯ ಹಿಂದಿರುವ ಮಿದುಳಿನ ಭಾಗವು ಆವೇಗವನ್ನು ತಡೆಯುವುದಕ್ಕೂ, ಮುಂದಾಗುವುದನ್ನು ಎಣಿಸುವುದಕ್ಕೂ, ಹಿಡಿದ ಕೆಲಸವನ್ನು ಕೊನೆಗಾಣಿಸುವುದಕ್ಕೂ ಬೇಕಾದುದೆಂಬುದು ಅಸಂಖ್ಯ ರೋಗಿಗಳಿಂದ ಸಿದ್ಧವಾಗಿರತಕ್ಕ ಸಂಗತಿ. ಹಾರ್ವರ್ಡ್ ವಿದ್ಯಾಲಯದ ವಾರನ್ ಸಂಗ್ರಹಾಲಯದಲ್ಲಿರುವ ಗೇಜನ ತಲೆಬುರುಡೆಯನ್ನು ಅಳೆದು ಸಲಾಕೆಯ ಹಾದಿಯನ್ನು ಗಣಕಯಂತ್ರದಿಂದ ಚಿತ್ರಿಸಿದ್ದಾರೆ. ಮಿದುಳಿನ ಎರಡು ಪಾರ್ಶ್ವಗಳೂ ಕೆಟ್ಟುವೆಂದು 1994ರ ಲೆಕ್ಕ. ಎಡಪಾರ್ಶ್ವ ಮಾತ್ರ ಕೆಟ್ಟಿತೆಂದು 2004ರ ಮತ್ತು 2012ರ ಲೆಕ್ಕಗಳು. ಮಿದುಳಿನ ಮೇಲ್ಪದರದಲ್ಲಿ ನೂರಕ್ಕೆ ಸುಮಾರು 4 ಪಾಲು ಮಾತ್ರ ಕೆಟ್ಟರೂ, ಭಾಗಭಾಗಗಳನ್ನು ಹೆಣೆಯುವ ಬಿಳಿಯ ನರತಂತುಗಳಲ್ಲಿ ಸುಮಾರು 11 ಪಾಲು ಕೆಟ್ಟಿತೆಂಬುದು 2012ರ ಅಂದಾಜು. ಶೀಲವೆಂಬುದು ಮಿದುಳಿನ ಯಾವುದೋ ಒಂದು ಗೂಡಿನಲ್ಲಿ ಕುಳಿತ ಹಕ್ಕಿಯಲ್ಲ. ಹಲವು ಎಳೆಗಳ ನೇಯ್ಗೆ. ಎಳೆ ಕಡಿದರೆ ಬಟ್ಟೆ ಸಡಿಲುವುದು ನಿಜ. ಉಳಿದ ಎಳೆಗಳಿಂದ ಸ್ವಲ್ಪಮಟ್ಟಿಗೆ ಮರಳಿ ಹೆಣೆದುಕೊಳ್ಳುವ ಶಕ್ತಿಯೂ ಮಿದುಳಿಗುಂಟೆಂಬುದು ಅಷ್ಟೇ ನಿಜ.

ಇದು ಕೇವಲ ಪಂಡಿತರ ವಾದವಲ್ಲ. ಪಾರ್ಶ್ವವಾಯು ಬಡಿದ ಯಜಮಾನನೋ, ತಲೆಗೆ ಪೆಟ್ಟು ತಗುಲಿದ ಮಗನೋ ಇರುವ ಮನೆಗಳಲ್ಲಿ ದಿನವೂ ಏಳತಕ್ಕ ಪ್ರಶ್ನೆ. ಎಂದೂ ಗದರದಿದ್ದವರು ಗದರುತ್ತಾರೆ. ನಾಲ್ಕು ಜನರ ಮುಂದೆ ಆಡಬಾರದ ಮಾತನ್ನಾಡುತ್ತಾರೆ. ಗಾದೆಯನ್ನು ನಂಬಿದ ಮನೆಯವರು ಒಳಗಿದ್ದ ಕೆಟ್ಟತನ ಈಗ ಹೊರಬಿದ್ದಿತೆಂದು ದೂಷಿಸುತ್ತಾರೆ. ಕೊಬ್ಬಿದ ಗೇಜನ ಕಥೆಯನ್ನು ನಂಬಿದವರು, ಅವರು ಅವರಾಗಿ ಉಳಿದಿಲ್ಲ, ಇನ್ನು ಮಾಡತಕ್ಕುದೇನೂ ಇಲ್ಲ ಎಂದು ಕೈಚೆಲ್ಲುತ್ತಾರೆ. ಮೊದಲನೆಯದರಿಂದ ರೋಗಿಗೆ ಅನ್ಯಾಯವಾಗುತ್ತದೆ. ಎರಡನೆಯದರಿಂದ ಅವನ ಮುಂದಿನ ದಿನಗಳಿಗೆ ಅನ್ಯಾಯವಾಗುತ್ತದೆ. ಗಾಯವನ್ನು ಗಾಯವೆಂದು ತಿಳಿದು, ಕಾಲಕ್ಕೆ ಸರಿಯಾದ ದಿನಚರಿಯನ್ನೂ ಕೈಲಾದಷ್ಟು ಕೆಲಸವನ್ನೂ ಒದಗಿಸಿ ಕಾಯುವುದೆಂಬ ಮೂರನೆಯ ದಾರಿಯೊಂದಿದೆ. ಅದು ಎಲ್ಲರನ್ನೂ ಗುಣಪಡಿಸುತ್ತದೆಂಬ ಭರವಸೆಯಿಲ್ಲ. ಆದರೆ ಅದನ್ನು ಮುಚ್ಚಿಡುವ ಕಥೆಯು ಒಳ್ಳೆಯ ಕಥೆಯಲ್ಲ.

1859ರಲ್ಲಿ ಗೇಜನು ದೇಹ ಕೆಟ್ಟು, ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ನೆಲಸಿದ್ದ ತಾಯಿಯ ಬಳಿಗೆ ಬಂದನು. ಮರುವರ್ಷ ಅಪಸ್ಮಾರವು ಹಿಡಿದು, ಮೇ 21ರಂದು 36ನೆಯ ವಯಸ್ಸಿನಲ್ಲಿ ಪ್ರಾಣಬಿಟ್ಟನು. ಹನ್ನೊಂದೂವರೆ ವರ್ಷ ಕಳೆದರೂ ಸಲಾಕೆಯ ಸಾಲ ತೀರಿರಲಿಲ್ಲ. ಆದರೆ ಆ ಹನ್ನೊಂದೂವರೆ ವರ್ಷಗಳಲ್ಲಿ ಬಹುಭಾಗವನ್ನು ಅವನು ಕುದುರೆಗಳ ನಡುವೆ ದುಡಿದು ಉಂಡು ಕಳೆದನು. ಹುಟ್ಟುಗುಣವು ಸುಟ್ಟರೆ ಹೋಗಲೂಬಹುದೆಂದು ಅವನ ಜೀವನದ ಮೊದಲರ್ಧವು ಗಾದೆಯನ್ನು ತಿದ್ದುತ್ತದೆ. ಸುಟ್ಟ ನೆಲದಲ್ಲಿಯೂ ಚಿಗುರುಂಟೆಂದು ಉಳಿದರ್ಧವು ಗ್ರಂಥಗಳನ್ನು ತಿದ್ದುತ್ತದೆ. ಎರಡನ್ನೂ ಕೂಡಿಸಿ ಹೇಳಿದವನೇ ಗೇಜನ ಕಥೆಯನ್ನು ಹೇಳಿದವನು.